ಎತ್ತಿಕೊಂಡು ಓಡುವ ಮೊದಲು: ಓಣಿಯ ಜನರಿಗೆ ಎದೆ ಒತ್ತುವುದನ್ನು ಕಲಿಸುವ ಬಗೆ

ಕ್ಯಾಜುವಲ್ಟಿ ಬಾಗಿಲ ಮುಂದೆ ಆಟೋ ಗಕ್ಕನೆ ಬ್ರೇಕ್ ಹಾಕಿದ ಸದ್ದಿಗೇ ನಮಗೆ ಅರ್ಧ ವಿಷಯ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಮನುಷ್ಯ ಮಡಚಿಕೊಂಡ ಹಾಗೆ ಬಿದ್ದಿರುತ್ತಾರೆ. ತಲೆ ಯಾರದೋ ತೊಡೆಯ ಮೇಲೆ, ಕಾಲು ಆಟೋ ಹೊರಗೆ. ಜೊತೆಗೆ ಬಂದವರ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. "ಬಿದ್ದ ಕೂಡ್ಲೆ ಎತ್ಕೊಂಡು ಬಂದೇವ್ರಿ ಸಿಸ್ಟರ್, ಒಂದ್ ನಿಮಿಷನೂ ತಡಾ ಮಾಡಿಲ್ಲ" ಅನ್ನುತ್ತಾರೆ. ನಿಜ, ಅವರು ತಡ ಮಾಡಿರುವುದಿಲ್ಲ. ಎತ್ತುವುದಕ್ಕೆ, ಆಟೋ ಹಿಡಿಯುವುದಕ್ಕೆ, ಸಿಗ್ನಲ್ ದಾಟುವುದಕ್ಕೆ ಇಪ್ಪತ್ತು ನಿಮಿಷ ಹೋಗಿರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಎದೆಯ ಮೇಲೆ ಒಬ್ಬರೂ ಕೈ ಇಟ್ಟಿರುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ನರ್ಸ್. ಕ್ಯಾಜುವಲ್ಟಿಯಲ್ಲಿ ಹದಿನೆಂಟು ವರ್ಷ ಆಯಿತು. ಆರೇಳು ವರ್ಷದಿಂದ ರಜೆ ಸಿಕ್ಕ ಭಾನುವಾರಗಳಲ್ಲಿ ಓಣಿ, ಮಹಿಳಾ ಸಂಘ, ಆಟೋ ಸ್ಟ್ಯಾಂಡ್, ಜಿಮ್, ಗಣೇಶ ಮಂಡಳಿ ಅಂತ ತಿರುಗಿ, ಹೃದಯ ನಿಂತು ಬಿದ್ದವರ ಎದೆ ಒತ್ತಿ ರಕ್ತ ಹರಿಸುವುದನ್ನು, ಅಂದರೆ ಸಿಪಿಆರ್ ಅನ್ನು, ಕಲಿಸುತ್ತಿದ್ದೇನೆ. ನಮ್ಮ ಕಡೆಯ ಜನರಿಗೆ ಸಹಾಯದ ಮನಸ್ಸನ್ನು ಯಾರೂ ಹೇಳಿಕೊಡಬೇಕಿಲ್ಲ. ಒಬ್ಬರು ಬಿದ್ದರೆ ಹತ್ತು ಜನ ಓಡಿ ಬರುತ್ತಾರೆ. ಕಲಿಸಬೇಕಾದದ್ದು ಇಷ್ಟೇ: ಎತ್ತಿಕೊಂಡು ಓಡುವ ಆ ಕೈಗಳನ್ನು ಅಲ್ಲೇ, ನೆಲದ ಮೇಲೆ, ಒತ್ತಲು ಹಚ್ಚುವುದು. ನೀವೂ ನಿಮ್ಮ ಓಣಿಯಲ್ಲಿ ಕಲಿಸಬೇಕು ಅಂದುಕೊಂಡಿದ್ದರೆ ಇದು ನಿಮಗಾಗಿ. ನಾನು ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ ಬರೆದಿದ್ದೇನೆ.

ಮೊದಲು ನಿಮ್ಮ ಕೈ ಪಳಗಲಿ

ವಿಡಿಯೋ ನೋಡಿ ಕಲಿತು, ಇನ್ನೊಬ್ಬರಿಗೆ ಕಲಿಸಲು ಹೋಗಬೇಡಿ. ಮೊಣಕೈ ಬಾಗಿದ್ದನ್ನು, ಕೈ ಪಕ್ಕಕ್ಕೆ ಸರಿದದ್ದನ್ನು ವಿಡಿಯೋ ನಿಮಗೆ ಹೇಳುವುದಿಲ್ಲ. ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತು ನಿಮ್ಮ ಕೈ ತಿದ್ದಬೇಕು. ಹುಬ್ಬಳ್ಳಿಯಲ್ಲಿ ಈಗ ಕೆಎಂಸಿಆರ್‌ಐ ಅನ್ನುವ ಹಳೇ ಕಿಮ್ಸ್, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ, ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿನ ಅರಿವಳಿಕೆ ವಿಭಾಗಕ್ಕೆ ಹೋಗಿ, "ಓಣಿಯವರಿಗೆ ಕಲಿಸಬೇಕು, ನನಗೆ ಮೊದಲು ಕಲಿಸಿ" ಅಂತ ಕೇಳಿ ನೋಡಿ. ಅರಿವಳಿಕೆ ವೈದ್ಯರನ್ನೇ ಕೇಳಲು ಕಾರಣವಿದೆ. ಇಡೀ ದಿನ ಉಸಿರು, ನಾಡಿ ಕಾಯುವವರು ಅವರು. ಜನಸಾಮಾನ್ಯರಿಗೆ ಅಂತಲೇ 2017ರಲ್ಲಿ ನಮ್ಮ ದೇಶದ ಸುಲಭ ಕ್ರಮವೊಂದನ್ನು ಹೊರತಂದವರೂ ಅವರೇ. ಅದರಲ್ಲಿ ಬಾಯಿಂದ ಬಾಯಿಗೆ ಉಸಿರು ಕೊಡುವ ಗೊಡವೆ ಇಲ್ಲ. ಗುರುತಿಸು, ಕರೆ ಮಾಡು, ಒತ್ತು, ಆಸ್ಪತ್ರೆಗೆ ಸಾಗಿಸು. ಅದಕ್ಕೆ ಕಾಲ್ಸ್ (COLS), ಅಂದರೆ ಬರೀ ಎದೆ ಒತ್ತಿ ಜೀವ ಉಳಿಸುವ ಕ್ರಮ, ಅನ್ನುತ್ತಾರೆ. ಓಣಿಯಲ್ಲಿ ನಾನು ಕಲಿಸುವುದು ಇದನ್ನೇ.

ಎಷ್ಟು ಜನ, ಎಷ್ಟು ಹೊತ್ತು

ಮೊದಲ ವರ್ಷ ನಾನು ಒಂದು ಕಲ್ಯಾಣ ಮಂಟಪದಲ್ಲಿ ಇನ್ನೂರು ಜನರ ಮುಂದೆ ಮೈಕ್ ಹಿಡಿದು ಒಂದು ತಾಸು ಮಾತಾಡಿದೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಒತ್ತಿ ಕಲಿಯಲು ಇಟ್ಟ ಬೊಂಬೆಯನ್ನು ಒಬ್ಬರೂ ಮುಟ್ಟಲಿಲ್ಲ. ಈಗ ಹಾಗೆ ಮಾಡುವುದಿಲ್ಲ. ಒಂದು ಬೊಂಬೆಗೆ ಆರು ಜನ, ಮೂರು ಬೊಂಬೆ ಇದ್ದರೆ ಹದಿನೆಂಟು ಜನ, ಎರಡು ತಾಸು. ಅದರಲ್ಲಿ ನನ್ನ ಮಾತು ಅರ್ಧ ತಾಸು ದಾಟಬಾರದು.

ಹೊತ್ತು ಅವರದ್ದಾಗಿರಬೇಕು. ಆಟೋದವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು. ಸಂಘದ ಹೆಣ್ಣುಮಕ್ಕಳಿಗೆ ಅವರ ವಾರದ ಮೀಟಿಂಗ್ ದಿನ. ಉಣಕಲ್ ಕೆರೆ ದಂಡೆಗೆ, ಕೆಲಗೇರಿ ಕಡೆಗೆ ವಾಕಿಂಗ್ ಬರುವವರಿಗೆ ಬೆಳಿಗ್ಗೆ ಏಳು ಗಂಟೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿರುವಾಗ ಹಮಾಲರನ್ನು ಕರೆದರೆ ಯಾರೂ ಬರಲಾರರು. ಸುಗ್ಗಿ ಮುಗಿಯುವವರೆಗೆ ಕಾಯಿರಿ.

ಯಾರಿಗೆ ಮೊದಲು ಅಂತ ಕೇಳಿದರೆ ನನ್ನ ಉತ್ತರ, ಮನೆಯಲ್ಲಿರುವ ಹೆಂಗಸರಿಗೆ. ಹೃದಯ ನಿಲ್ಲುವುದು ಜಾಸ್ತಿ ಮನೆಯಲ್ಲೇ. ಆ ಹೊತ್ತಿಗೆ ಪಕ್ಕದಲ್ಲಿರುವುದು ಹೆಂಡತಿ, ಸೊಸೆ, ಇಲ್ಲಾ ಪಕ್ಕದ ಮನೆಯ ಅಕ್ಕ.

ಬೊಂಬೆ ಸಿಗದಿದ್ದರೆ ಕೌದಿ

ಒತ್ತಿದರೆ ಕಟ್ ಅಂತ ಸದ್ದು ಬರುವ ತರಬೇತಿ ಬೊಂಬೆ ಇದ್ದರೆ ಒಳ್ಳೆಯದು. ಅದರ ಕಥೆಯನ್ನೂ ಹೇಳಿ, ಜನ ಕಿವಿಗೊಟ್ಟು ಕೇಳುತ್ತಾರೆ. ಎದೆ ತೆರೆಯದೆ, ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದು ಅಂತ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬರೆದದ್ದು 1960ರಲ್ಲಿ. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಕಲಿಯುವವರಿಗಾಗಿ ಈ ಬೊಂಬೆ ಮಾಡಿದರು. ಮಕ್ಕಳ ಆಟದ ಸಾಮಾನು ಮಾಡುವವರ ಕೈಯಿಂದ ಬಂದ ವಸ್ತು ಇದು.

ಬೊಂಬೆ ಸಿಗದಿದ್ದರೆ ಕ್ಲಾಸ್ ನಿಲ್ಲಿಸಬೇಡಿ. ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಮುಚ್ಚಳ ಬಿಗಿಯಾಗಿ ಹಾಕಿ. ಹಳೇ ಕೌದಿಯನ್ನು ಗಟ್ಟಿಯಾಗಿ ಮಡಚಿ, ಅದರ ನಡುವೆ ಬಾಟಲಿಯನ್ನು ಅಡ್ಡಲಾಗಿಟ್ಟು ಗೋಣಿ ಚೀಲದೊಳಗೆ ತುರುಕಿ, ಸುತ್ತಲೂ ಹಳೇ ಬಟ್ಟೆ ತುಂಬಿ ಬಾಯಿ ಹೊಲಿಯಿರಿ. ಮೇಲೆ ಒಂದು ಅಂಗಿ ತೊಡಿಸಿ, ಗುಂಡಿ ಹಾಕಿ. ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಮನುಷ್ಯನ ಎದೆಯ ಹಾಗೆಯೇ ಇರುವುದಿಲ್ಲ. ಆದರೆ ಮೊಣಕೈ ನೆಟ್ಟಗಿಡುವುದು, ಲಯ ಹಿಡಿಯುವುದು, ದಣಿವು ತಿಳಿಯುವುದು ಇಷ್ಟಕ್ಕೆ ಸಾಕು. ನನ್ನ ಹತ್ತಿರ ಇಂಥವು ನಾಲ್ಕಿವೆ. ಒಂದಕ್ಕೆ ಸೀರೆ ಉಡಿಸಿದ್ದೇನೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಕಲಿಯುವ ಹುಮ್ಮಸ್ಸಿನಲ್ಲಿ ಒಬ್ಬರನ್ನೊಬ್ಬರು ಮಲಗಿಸಿ ಎದೆ ಒತ್ತಲು ಹೋಗುತ್ತಾರೆ, ಹುಡುಗರು ಜಾಸ್ತಿ. ಬಿಡಲೇಬೇಡಿ. ಬಡಿಯುತ್ತಿರುವ ಹೃದಯದ ಮೇಲೆ ಅಭ್ಯಾಸ ಬೇಡ.

ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಲ್ಲುವುದು ಬೇರೆ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಜಿಮ್ ಹುಡುಗರು ತಾವಾಗಿಯೇ ಬಂದು ಕೇಳಲು ಶುರು ಮಾಡಿದರು. ಎಲ್ಲರ ಪ್ರಶ್ನೆಯೂ ಒಂದೇ: "ಹಾರ್ಟ್ ಅಟ್ಯಾಕ್ ಆದ್ರ ಎದಿ ಒತ್ತಬೇಕಲ್ರಿ?" ಈ ಗೊಂದಲವನ್ನು ಮೊದಲೇ ಬಿಡಿಸಿ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್. ಆ ಮನುಷ್ಯ ಮಾತಾಡುತ್ತಿರುತ್ತಾರೆ, ಬೆವರುತ್ತಿರುತ್ತಾರೆ, ಎದೆ ಹಿಡಿದುಕೊಂಡಿರುತ್ತಾರೆ. ಅವರ ಎದೆ ಒತ್ತಬಾರದು. ಕೂರಿಸಬೇಕು, 108ಕ್ಕೆ ಕರೆ ಮಾಡಬೇಕು, ಮೆಟ್ಟಿಲು ಹತ್ತಿಸಬಾರದು, ಬೈಕ್ ಮೇಲೆ ಕೂರಿಸಬಾರದು. "ಗ್ಯಾಸ್ ಆಗೇತಿ" ಅಂತ ಸೋಡಾ ಕುಡಿಸಿ ಮಲಗಿಸುವುದು ನಮ್ಮಲ್ಲಿ ದೊಡ್ಡ ತಪ್ಪು. ಎಷ್ಟೋ ಜನ ಆ ಸೋಡಾದಿಂದಲೇ ಎರಡು ತಾಸು ಕಳೆದುಕೊಂಡು ನಮ್ಮ ಹತ್ತಿರ ಬರುತ್ತಾರೆ.

ಹೃದಯ ನಿಂತರೆ ಹಾಗಲ್ಲ. ಮನುಷ್ಯ ಕುಸಿಯುತ್ತಾರೆ, ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ. ಮಿದುಳಿಗೆ ರಕ್ತ ಹೋಗುವುದು ನಿಂತರೆ ನಾಲ್ಕೈದು ನಿಮಿಷಕ್ಕೆ ಅದು ಕೆಡಲು ಶುರುವಾಗುತ್ತದೆ. ಏನೂ ಮಾಡದೆ ಬಿಟ್ಟ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಇದನ್ನು ಅಂಕಿಯಾಗಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಾನು ಹುಬ್ಬಳ್ಳಿ ರೈಲ್ವೆ ಸ್ಟೇಷನ್ ನೆನಪಿಸುತ್ತೇನೆ. ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಈ ತುದಿಯಿಂದ ಆ ತುದಿಗೆ ನಡೆಯಲು ಹದಿನೈದು ನಿಮಿಷದ ಮೇಲೆ ಬೇಕು. "ಆ ತುದಿಯಲ್ಲಿ ಒಬ್ಬರು ಬಿದ್ದಿದ್ದಾರೆ, ಡಾಕ್ಟರ್ ಈ ತುದಿಯಲ್ಲಿದ್ದಾರೆ. ಡಾಕ್ಟರ್ ಓಡಿ ಬಂದರೂ ನಾಲ್ಕು ನಿಮಿಷದೊಳಗೆ ಮುಟ್ಟುತ್ತಾರಾ?" ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಗ ಬೊಂಬೆ ಮುಂದೆ ತರುತ್ತೇನೆ.

ಮೇಲುಸಿರನ್ನು ಉಸಿರು ಅಂದುಕೊಳ್ಳಬೇಡಿ

ಮೊದಲ ಹೆಜ್ಜೆ, ಜಾಗ ಸುರಕ್ಷಿತವೇ ನೋಡುವುದು. ಕರೆಂಟ್ ಹೊಡೆದಿದ್ದರೆ ಮೇನ್ ಸ್ವಿಚ್ ಆರಿಸದೆ ಮುಟ್ಟಬಾರದು. ರಸ್ತೆ ಮಧ್ಯೆ ಇದ್ದರೆ ಒಬ್ಬರು ವಾಹನ ತಡೆಯಬೇಕು.

ಎರಡನೆಯದು, ಎರಡೂ ಭುಜ ತಟ್ಟಿ ಜೋರಾಗಿ ಕರೆಯುವುದು. "ಕಾಕಾರ, ಏನಾತ್ರಿ? ಕಣ್ಣ ತಗೀರಿ!" ಅಂತ ಕೂಗಿಸಿ. ಕ್ಲಾಸಿನಲ್ಲಿ ಎಲ್ಲರೂ ನಾಚಿ ಪಿಸುಗುಟ್ಟುತ್ತಾರೆ. ಪಕ್ಕದ ಓಣಿಗೆ ಕೇಳುವ ಹಾಗೆ ಕೂಗುವವರೆಗೆ ಮುಂದಕ್ಕೆ ಬಿಡಬೇಡಿ. ಇಲ್ಲಿ ಕೂಗಿ ರೂಢಿಯಾದರೆ ಅಲ್ಲೂ ಗಂಟಲು ಕಟ್ಟುವುದಿಲ್ಲ.

ಮೂರನೆಯದು ಉಸಿರು. ಎದೆ, ಹೊಟ್ಟೆ ಏರಿ ಇಳಿಯುತ್ತಿದೆಯಾ ಅಂತ ಹತ್ತು ಸೆಕೆಂಡಿನೊಳಗೆ ನೋಡಬೇಕು. ನಾಡಿ ಹುಡುಕುವುದು ಬೇಡ. ಗಾಬರಿಯಲ್ಲಿ ನಮಗೇ ಅದು ತಪ್ಪುತ್ತದೆ.

ಇಲ್ಲಿ ನಿಧಾನ ಮಾಡಿ. ಹೃದಯ ನಿಂತ ಮೊದಲ ಕೆಲವು ನಿಮಿಷ ಎಷ್ಟೋ ಜನರಲ್ಲಿ ಒಂದು ಬಗೆಯ ಉಸಿರು ಇರುತ್ತದೆ. ಬಾಯಿ ತೆರೆದು, ಗದ್ದ ಎತ್ತಿ, ಗೊರ್ ಅಂತ ಒಂದು ಸಲ ಎಳೆಯುತ್ತಾರೆ. ಆಮೇಲೆ ಏನೂ ಇಲ್ಲ. ಐದಾರು ಎಣಿಸುವಷ್ಟರಲ್ಲಿ ಮತ್ತೊಂದು. ನೀರಿನಿಂದ ತೆಗೆದ ಮೀನಿನ ಬಾಯಿಯ ಹಾಗೆ. ನಮ್ಮ ಹಿರಿಯರು ಇದಕ್ಕೆ ಮೇಲುಸಿರು ಅನ್ನುತ್ತಾರೆ. ಹೆಸರೇ ಇದೆ ನೋಡಿ, ಅಷ್ಟು ಸಲ ಕಂಡಿದ್ದಾರೆ. ಆದರೆ ಕಂಡವರು ಎರಡರಲ್ಲೊಂದು ಮಾಡುತ್ತಾರೆ. "ಉಸಿರ ಐತಿ, ಏನೂ ಆಗಿಲ್ಲ" ಅಂತ ಗಾಳಿ ಬೀಸುತ್ತಾರೆ. ಇಲ್ಲಾ "ಮುಗೀತು" ಅಂತ ಬಾಯಿಗೆ ನೀರು ಬಿಡುತ್ತಾರೆ. ಎರಡೂ ತಪ್ಪು. ಕರೆದರೆ ಓಗೊಡದೆ ಮೇಲುಸಿರು ಎಳೆಯುತ್ತಿದ್ದರೆ ಅದೇ ಒತ್ತಲು ಶುರು ಮಾಡುವ ಹೊತ್ತು. ನಾನು ಆ ಸದ್ದನ್ನು ನನ್ನ ಗಂಟಲಿನಿಂದಲೇ ಮಾಡಿ ತೋರಿಸುತ್ತೇನೆ, ಮೂರು ನಾಲ್ಕು ಸಲ. ಒಂದು ಸಲ ಕಿವಿಯಿಂದ ಕೇಳಿದವರು ಮರೆಯುವುದಿಲ್ಲ.

ಬಾಯಿಗೆ ನೀರು ಬಿಡುವ ಮಾತನ್ನು ಮೆತ್ತಗೆ ಆಡಿ. ಅದು ಪ್ರೀತಿಯಿಂದ ಮಾಡುವ ಕೆಲಸ. "ಎಚ್ಚರ ಇಲ್ಲದವರಿಗೆ ನುಂಗಲು ಬರುವುದಿಲ್ಲವ್ವ, ನೀರು ಪುಪ್ಪುಸಕ್ಕೆ ಇಳಿಯುತ್ತದೆ" ಅಂದರೆ ಅಜ್ಜಿಯರೂ ಒಪ್ಪುತ್ತಾರೆ. ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಅಂಗಾಲು ತಿಕ್ಕುವುದು, ಇವೆಲ್ಲ ನಿಮಿಷ ತಿನ್ನುತ್ತವೆ ಅಂತ ಹೇಳಿ ಮುಂದೆ ಹೋಗಿ.

ಎಚ್ಚರವಿಲ್ಲ, ಆದರೆ ಉಸಿರು ಸರಿಯಾಗಿ ಆಡುತ್ತಿದೆ ಅಂದರೆ ಒತ್ತುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರನ್ನೇ ನೋಡುತ್ತಾ ಇರಿ.

"ಯಾರಾದ್ರೂ" ಅಂದರೆ ಯಾರೂ ಇಲ್ಲ

"ಯಾರರ 108ಕ್ಕ ಫೋನ್ ಹಚ್ರಿ" ಅಂತ ಕೂಗಿದರೆ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೆರಳು ತೋರಿಸಿ ಹೇಳಬೇಕು: "ನೀಲಿ ಅಂಗಿ ಅಣ್ಣಾರ, ನೀವು 108ಕ್ಕ ಹಚ್ರಿ, ಸ್ಪೀಕರ್ ಮ್ಯಾಲೆ ಇಡ್ರಿ. ತಂಗಿ, ನೀ ಓಣಿ ಬಾಯಿಗೆ ನಿಂತು ಗಾಡಿಗೆ ಕೈ ಮಾಡು." ಮೂರನೆಯವರಿಗೆ ಗುಂಪು ಸರಿಸುವ ಕೆಲಸ. 108 ಸಿಗದಿದ್ದರೆ 112.

ಕರೆ ಮಾಡುವವರು ಮೊದಲು ಜಾಗ ಹೇಳಬೇಕು. ಓಣಿ, ಹತ್ತಿರದ ಗುಡಿ ಅಥವಾ ಮಸೀದಿ ಅಥವಾ ಶಾಲೆ, ಯಾವ ರಸ್ತೆಯಿಂದ ಒಳಗೆ ತಿರುಗಬೇಕು. ಇದನ್ನು ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಕೂರಿಸಿ ಸುಮ್ನೆ ಬಾಯಲ್ಲಿ ಆಡಿಸಿ. ನಿಜವಾಗಿ 108 ಒತ್ತಿಸಬೇಡಿ. ಇಪ್ಪತ್ತು ವರ್ಷ ಅದೇ ಓಣಿಯಲ್ಲಿದ್ದವರೂ ತಮ್ಮ ಮನೆಗೆ ದಾರಿ ಹೇಳಲು ತಡವರಿಸುತ್ತಾರೆ. ಕಟ್ಟೆಯ ಗೋಡೆಗೆ ವಿಳಾಸ ಬರೆದಿಟ್ಟರೆ ತುಂಬಾ ಒಳ್ಳೆಯದು.

ಒಬ್ಬರೇ ಇದ್ದರೆ ಫೋನ್ ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟು ಒತ್ತುತ್ತಲೇ ಮಾತಾಡುವುದು.

ಕೈ, ಮೊಣಕೈ, ಲಯ

ಎರಡು ತಾಸಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಇಲ್ಲಿಗೆ ಕೊಡಿ.

ಗಾದಿ ಮೇಲಿದ್ದರೆ ನೆಲಕ್ಕೆ ಇಳಿಸಬೇಕು. ಗಾದಿ ಮೇಲೆ ಒತ್ತಿದರೆ ಗಾದಿ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಪಕ್ಕದಲ್ಲಿ ಎರಡೂ ಮಂಡಿಯೂರಿ ಹತ್ತಿರ ಕೂರಬೇಕು. ಎದೆಯ ನಟ್ಟನಡುವಿನ ಎಲುಬು ಹುಡುಕಿ, ಅದರ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಡಬೇಕು. ಅದರ ಮೇಲೆ ಇನ್ನೊಂದು ಕೈ, ಬೆರಳು ಹೆಣೆದು. ಎಡಗಡೆ ಅಲ್ಲ. "ಹೃದಯ ಎಡಕ್ಕ ಐತಲ್ರಿ" ಅಂತ ಪ್ರತಿ ಕ್ಲಾಸಿನಲ್ಲೂ ಒಬ್ಬರು ಕೈ ಎಡಕ್ಕೆ ಸರಿಸುತ್ತಾರೆ. ಹೃದಯ ಆ ಎಲುಬಿಗೂ ಬೆನ್ನೆಲುಬಿಗೂ ನಡುವೆ ಇದೆ, ನಡುವೆ ಒತ್ತಿದರೇ ಅದು ಹಿಂಡುತ್ತದೆ ಅಂತ ತಿಳಿಸಿ.

ಮೊಣಕೈ ನೆಟ್ಟಗೆ, ಹೆಗಲು ಕೈಯ ನೇರಕ್ಕೆ ಮೇಲೆ. ತೋಳಿನ ಬಲದಿಂದ ಅಲ್ಲ, ಮೈಭಾರದಿಂದ ಒತ್ತಬೇಕು. ಮೊಣಕೈ ಬಾಗಿಸಿದವರು ಅರ್ಧ ನಿಮಿಷಕ್ಕೆ ಸೋಲುತ್ತಾರೆ. ಒಂದು ಸಂಘದಲ್ಲಿ ಎಪ್ಪತ್ತರ ಹತ್ತಿರದ ತೆಳ್ಳಗಿನ ಅಜ್ಜಿ ಒಬ್ಬರು ಎರಡು ನಿಮಿಷ ಬಿಡದೆ ಒತ್ತಿದರು. ಜೋಳದ ಹಿಟ್ಟು ನಾದಿ ಪಳಗಿದ ಕೈ. ಭಾರ ಎಲ್ಲಿಂದ ಬರಬೇಕು ಅಂತ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಆವತ್ತಿನಿಂದ ಹೆಣ್ಣುಮಕ್ಕಳಿಗೆ "ಹಿಟ್ಟು ನಾದುವಾಗ ಹೇಗೆ ಮೈ ಹಾಕ್ತೀರಿ, ಹಾಗೆ" ಅನ್ನುತ್ತೇನೆ.

ಆಳ 5 ಸೆಂಟಿಮೀಟರ್, 6 ದಾಟಬಾರದು. ರಟ್ಟಿನ ತುಂಡಿನ ಮೇಲೆ 5 ಸೆಂಟಿಮೀಟರಿಗೆ ಗೆರೆ ಎಳೆದು ಬೊಂಬೆ ಪಕ್ಕದಲ್ಲಿ ನಿಲ್ಲಿಸಿ. ಮೊದಲ ಸಲ ಎಲ್ಲರೂ ಗೆರೆಯ ಅರ್ಧಕ್ಕೇ ನಿಲ್ಲುತ್ತಾರೆ, ನೋವಾಗುತ್ತದೆ ಅನ್ನುವ ಭಯ. ಗೆರೆ ಮುಟ್ಟಿಸಿ.

ಒತ್ತಿದಷ್ಟೇ ಮುಖ್ಯ ಬಿಡುವುದು. ಕೈ ಎತ್ತಬಾರದು, ಆದರೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಬೋರಿನ ಕೈಪಂಪು ಹೊಡೆದವರಿಗೆ ಇದು ಬೇಗ ತಿಳಿಯುತ್ತದೆ. ಹಿಡಿಕೆ ಪೂರ್ತಿ ಏರಿಸದೆ ಅರ್ಧರ್ಧ ಹೊಡೆದರೆ ಕೊಡ ತುಂಬುವುದಿಲ್ಲ. ಎದೆ ಎದ್ದಾಗಲೇ ಹೃದಯಕ್ಕೆ ರಕ್ತ ತುಂಬುವುದು.

ವೇಗ, ನಿಮಿಷಕ್ಕೆ 100ರಿಂದ 120. ಇಲ್ಲಿ ಕನ್ನಡದಲ್ಲಿ ಎಣಿಸುವವರಿಗೆ ಒಂದು ತೊಡಕು ಇದೆ, ನಾನು ಎರಡು ವರ್ಷ ಗಮನಿಸಿರಲಿಲ್ಲ. ಒಂದರಿಂದ ಹತ್ತರವರೆಗೆ ಚೆನ್ನಾಗಿ ಒತ್ತುತ್ತಾರೆ. ಹನ್ನೊಂದು ಬಂದ ಕೂಡಲೇ ನಿಧಾನ. ಇಪ್ಪತ್ತು ದಾಟಿದ ಮೇಲೆ "ಇಪ್ಪತ್ತೇಳು, ಇಪ್ಪತ್ತೆಂಟು" ಅನ್ನುವಷ್ಟರಲ್ಲಿ ಕೈ ಬಾಯಿಗೆ ಕಾಯುತ್ತದೆ. ಪದ ಉದ್ದ, ಅದಕ್ಕೆ. ಈಗ ಹತ್ತರವರೆಗೆ ಮಾತ್ರ ಎಣಿಸುತ್ತೇವೆ. "ಒಂದ, ಎರಡ, ಮೂರ, ನಾಕ..." ಹತ್ತಾದ ಮೇಲೆ ಮತ್ತೆ ಒಂದ. ಪಕ್ಕದಲ್ಲಿ ಕೂತವರು ಒಂದೊಂದು ಹತ್ತಿಗೆ ಒಂದು ಬೆರಳು ಮಡಚುತ್ತಾರೆ. ಎರಡೂ ಕೈಯ ಬೆರಳು ಎರಡು ಸಲ ಮಡಚಿ ಮುಗಿದರೆ ಹತ್ತಿರ ಹತ್ತಿರ ಎರಡು ನಿಮಿಷ. ಆಗ ಕೈ ಬದಲಾಗಬೇಕು. ಗಡಿಯಾರ ನೋಡುವ ಕೆಲಸವೇ ಇಲ್ಲ.

ಭಜನಾ ಮಂಡಳಿಯವರಿಗೆ ತಾಳ ಗೊತ್ತಿರುತ್ತದೆ, ಬೇಗ ಹಿಡಿಯುತ್ತಾರೆ. ಆದರೆ ಭಜನೆಯ ತಾಳ ಕೊನೆಗೆ ಏರುತ್ತಾ ಹೋಗುತ್ತದಲ್ವಾ? ಇಲ್ಲೂ ಹಾಗೇ ಏರಿಸಿಬಿಡುತ್ತಾರೆ. ಜಾಸ್ತಿ ವೇಗವಾದರೆ ಆಳ ಕಡಿಮೆಯಾಗುತ್ತದೆ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ 110ಕ್ಕೆ ಇಟ್ಟು ಟಿಕ್ ಟಿಕ್ ಕೇಳಿಸಿ.

ಪ್ರತಿಯೊಬ್ಬರೂ ಪೂರ್ತಿ ಎರಡು ನಿಮಿಷ ಒತ್ತಲೇಬೇಕು. ಇದರಲ್ಲಿ ರಿಯಾಯಿತಿ ಕೊಡಬೇಡಿ. ಎರಡನೇ ನಿಮಿಷದಲ್ಲಿ ಕೈ ಹೇಗೆ ಸೋಲುತ್ತದೆ ಅಂತ ಮೈಗೆ ಗೊತ್ತಾದವರು ಮಾತ್ರ ಪಕ್ಕದವರನ್ನು ಹೊತ್ತಿಗೆ ಸರಿಯಾಗಿ ಕರೆಯುತ್ತಾರೆ. ಕೈ ಬದಲಾಯಿಸುವುದನ್ನೂ ಅಭ್ಯಾಸ ಮಾಡಿಸಿ. ಎರಡನೆಯವರು ಎದುರು ಬದಿಗೆ ಮಂಡಿಯೂರಿ ಸಿದ್ಧವಾಗಿರಬೇಕು, ಇವರ ಕೈ ಹಿಂದೆ ಸರಿದ ಕೂಡಲೇ ಅವರ ಕೈ ಬೀಳಬೇಕು. ಮಂಡಿ ನೋವಿನವರಿಗೆ ಮೇಜಿನ ಮೇಲೆ ಬೊಂಬೆ ಇಟ್ಟು ನಿಂತೇ ಒತ್ತಿಸಿ. ಅವರು ಎಣಿಸುವ, ಫೋನ್ ಮಾಡುವ ಕೆಲಸಕ್ಕೆ ಗಟ್ಟಿಯಾಗುತ್ತಾರೆ.

ಎಲ್ಲಿಯವರೆಗೆ? ಮನುಷ್ಯ ಅಲುಗಾಡಿ ಸರಿಯಾಗಿ ಉಸಿರಾಡುವವರೆಗೆ, ಇಲ್ಲಾ ಆಂಬುಲೆನ್ಸ್‌ನವರು ಬಂದು ಕೈ ತೆಗೆದುಕೊಳ್ಳುವವರೆಗೆ.

ಲಿಂಗ, ತಾಳಿ, ಸೆರಗು

ನಮ್ಮ ಭಾಗದಲ್ಲಿ ಎಷ್ಟೋ ಹಿರಿಯರ ಕೊರಳಲ್ಲಿ ಕರಡಿಗೆಯೊಳಗೆ ಇಷ್ಟಲಿಂಗ ಇರುತ್ತದೆ. ಅದು ಬಂದು ಕೂರುವುದೇ ಎದೆಯ ನಡುವೆ, ನಾವು ಕೈ ಇಡಬೇಕಾದ ಜಾಗದಲ್ಲಿ. ಮುಟ್ಟಬಹುದಾ ಬೇಡವಾ ಅಂತ ಜನ ಹಿಂಜರಿಯುತ್ತಾರೆ. ತೆಗೆಯಬೇಕಿಲ್ಲ. ದಾರದ ಸಮೇತ ಮೆಲ್ಲಗೆ ಹೆಗಲ ಕಡೆಗೆ ಸರಿಸಿದರೆ ಸಾಕು, ಅದು ಅವರ ಮೈಮೇಲೇ ಇರುತ್ತದೆ. ತಾಳಿಗೂ ತಾಯತಕ್ಕೂ ಹೀಗೇ. ನಾನು ಒಂದು ಬೊಂಬೆಗೆ ದಾರದಲ್ಲಿ ಸಣ್ಣ ಡಬ್ಬಿ ಕಟ್ಟಿ, ಎಲ್ಲರಿಂದಲೂ ಸರಿಸಿಸುತ್ತೇನೆ.

ಇನ್ನು ಸೀರೆ ಉಟ್ಟ ಬೊಂಬೆ. ಹೆಣ್ಣುಮಗಳು ಬಿದ್ದಾಗ ಗಂಡಸರು ಮುಟ್ಟಲು ಹೆದರುತ್ತಾರೆ. ಹೊರಗೆ ಬಿದ್ದ ಹೆಂಗಸರಿಗೆ ಎದೆ ಒತ್ತುವವರು ಸಿಗುವುದು ಗಂಡಸರಿಗಿಂತ ಕಡಿಮೆ. ಇದು ನಮ್ಮೂರಿನ ಸಂಕೋಚ ಮಾತ್ರ ಅಲ್ಲ, ಬೇರೆ ದೇಶಗಳಲ್ಲೂ ಕಂಡದ್ದು. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ಮೊದಲು ಈ ಬೊಂಬೆಯನ್ನೇ ಇಡುತ್ತೇನೆ. ಕೈ ಇಡುವುದು ಎಲುಬಿನ ಮೇಲೆ, ಸೆರಗು ಸರಿಸುವುದೂ ಬೇಕಿಲ್ಲ, ಬಟ್ಟೆಯ ಮೇಲೇ ಒತ್ತಬಹುದು. ಪಕ್ಕದಲ್ಲಿ ಹೆಂಗಸರಿದ್ದರೆ ಹತ್ತಿರ ಕರೆದು ನಿಲ್ಲಿಸಿಕೊಳ್ಳಿ. ಮೊದಲಿಗೆ ಮುಸಿಮುಸಿ ನಗುತ್ತಾರೆ. "ನಿಮ್ಮವ್ವ ಅಂತ ತಿಳೀರಿ" ಅಂದ ಮೇಲೆ ನಗು ನಿಲ್ಲುತ್ತದೆ.

ಎಇಡಿ ಸಿಕ್ಕರೆ

ಕೆಲವು ಕಡೆ ಗೋಡೆಗೆ ಹಾಕಿದ ಎಇಡಿ ಪೆಟ್ಟಿಗೆ ಕಾಣಸಿಗುತ್ತದೆ. ಹೃದಯದ ಲಯ ನೋಡಿ, ಬೇಕಿದ್ದರೆ ಮಾತ್ರ ಶಾಕ್ ಕೊಡುವ ಯಂತ್ರ. ಆನ್ ಮಾಡಿದರೆ ತಾನೇ ಮಾತಾಡಿ ಹೇಳುತ್ತದೆ. ಎದೆ ಬರಿದು ಮಾಡಿ, ಬೆವರು ಒರೆಸಿ, ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಅಂಟಿಸುವುದು. "ಯಾರೂ ಮುಟ್ಟಬ್ಯಾಡ್ರಿ" ಅಂತ ಕೂಗುವುದು. ಶಾಕ್ ಆದ ಕೂಡಲೇ ಮತ್ತೆ ಒತ್ತುವುದು. ನಿಮ್ಮ ಕಲಿಯುವವರು ದಿನಾ ಹೋಗುವ ಮಾಲ್, ಸ್ಟೇಷನ್, ಆಫೀಸಿನಲ್ಲಿ ಇದು ಇದೆಯಾ ಅಂತ ನೋಡಿಕೊಂಡು ಬರಲು ಹೇಳಿ.

ಮಕ್ಕಳು, ನೀರು, ಗಂಟಲು

ನೀರಲ್ಲಿ ಮುಳುಗಿದವರಿಗೆ ಮತ್ತು ಸಣ್ಣ ಮಕ್ಕಳಿಗೆ ಬರೀ ಒತ್ತಿದರೆ ಸಾಲದು, ಉಸಿರೂ ಕೊಡಬೇಕು. ಅವರಲ್ಲಿ ಮೊದಲು ನಿಂತದ್ದು ಉಸಿರು. ಬಾವಿ, ಕೆರೆ, ಕೃಷಿ ಹೊಂಡ ಇರುವ ಊರಿನವರಿಗೆ ಇದಕ್ಕೆ ಬೇರೆ ಒಂದು ದಿನ ಇಡಿ, ತರಬೇತಿ ಪಡೆದ ಒಬ್ಬರನ್ನು ಕರೆಸಿ. ಈಗಲೇ ಹೇಳಬೇಕಾದದ್ದು ಇಷ್ಟು: ಮುಳುಗಿದವರನ್ನು ಹೆಗಲ ಮೇಲೆ ಹಾಕಿ ಗರಗರ ತಿರುಗಿಸಬೇಡಿ, ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ.

ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವುದು ಮಾತ್ರ ಅದೇ ದಿನ ಕಲಿಸಿ, ಹದಿನೈದು ನಿಮಿಷ ಸಾಕು. ಕೆಮ್ಮಲು ಬರುತ್ತಿದ್ದರೆ ಕೆಮ್ಮಲು ಬಿಡಿ. ನೆತ್ತಿ ತಟ್ಟುವುದರಿಂದ ಏನೂ ಆಗುವುದಿಲ್ಲ, ನೀರು ಕುಡಿಸುವುದು ಬೇಡ. ಕೆಮ್ಮಲೂ ಮಾತಾಡಲೂ ಬಾರದೆ ಕೊರಳು ಹಿಡಿದುಕೊಂಡರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ ಐದು ಏಟು. ಹೋಗದಿದ್ದರೆ ಹಿಂದೆ ನಿಂತು ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಎಳೆಯುವುದು. ಮತ್ತೆ ಬೆನ್ನಿಗೆ ಐದು. ಬಸುರಿಯರಿಗೆ ಹೊಟ್ಟೆಯಲ್ಲ, ಎದೆಯ ನಡುವೆ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ತೋಳಿನ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ ಐದು, ಹೊರಳಿಸಿ ಎದೆಯ ನಡುವೆ ಐದು. ಬಟ್ಟೆಯ ಬೊಂಬೆ ಸಾಕು ಇದಕ್ಕೆ. ನಮ್ಮ ಮನೆಗಳಲ್ಲಿ ಶೇಂಗಾ ಎಲ್ಲೆಲ್ಲೂ ಚೆಲ್ಲಿರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಾಳು ಕೊಡಬೇಡಿ ಅಂತಲೂ ಹೇಳಿಬಿಡಿ.

ಅವರು ಕೇಳಿಯೇ ಕೇಳುವ ಪ್ರಶ್ನೆಗಳು

"ಎಲುಬು ಮುರಿದ್ರ?" ಮುರಿಯಬಹುದು. ಮುರಿದ ಪಕ್ಕೆಲುಬು ಕೂಡುತ್ತದೆ. ಕೈ ಜಾಗ ನೋಡಿಕೊಂಡು ಮುಂದುವರಿಸಿ.

"ಪೊಲೀಸ್ ಕೇಸ್ ಆದ್ರ?" ಆಟೋದವರು ಇದನ್ನು ಕೇಳದೆ ಬಿಟ್ಟ ದಿನವಿಲ್ಲ. ನೆರವಿಗೆ ಬಂದವರನ್ನು ಸತಾಯಿಸಬಾರದು ಅನ್ನುವ ನಿಯಮಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಬಂತು. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲೂ ಒತ್ತಾಯ ಮಾಡುವಂತಿಲ್ಲ. ತುರ್ತು ಹೊತ್ತಿನಲ್ಲಿ ನೆರವಾಗುವವರ ರಕ್ಷಣೆಗೆ ಕರ್ನಾಟಕದ್ದೇ ಕಾಯ್ದೆಯೂ ಇದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಸ್ಟ್ಯಾಂಡಿನ ಬೋರ್ಡಿಗೆ ಅಂಟಿಸಿ ಬನ್ನಿ.

"ಒತ್ತಿದ್ರೂ ಹೋಗಿಬಿಟ್ರ?" ಇದನ್ನು ಜೋರಾಗಿ ಕೇಳುವುದಿಲ್ಲ, ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ. ನನ್ನ ಹತ್ತಿರ ಕಲಿತ ಒಬ್ಬ ಸೊಸೆ ಮಾವನಿಗೆ ಹನ್ನೆರಡು ನಿಮಿಷ ಒತ್ತಿದಳು. ಅವರು ಉಳಿಯಲಿಲ್ಲ. ತಿಂಗಳಾದ ಮೇಲೆ ಬಂದು, ಕೈ ಮುಂದೆ ಚಾಚಿ, "ಎಲ್ಲಿ ತಪ್ಪು ಮಾಡಿದ್ನಿ ಅಕ್ಕಾರ, ನೋಡ್ರಿ" ಅಂದಳು. ಬೊಂಬೆ ತಂದು ಮುಂದಿಟ್ಟೆ. ಒತ್ತಿದಳು. ತಪ್ಪೇ ಇರಲಿಲ್ಲ. ಅದನ್ನೇ ಹೇಳಿದೆ, ಇಬ್ಬರೂ ಅತ್ತೆವು. ಎಲ್ಲರೂ ಉಳಿಯುವುದಿಲ್ಲ ಅಂತ ಕ್ಲಾಸಿನಲ್ಲೇ ಬಿಚ್ಚಿ ಹೇಳಿ. ಒತ್ತಿದವರ ಮನೆಗೆ ಆಮೇಲೆ ಒಮ್ಮೆ ಹೋಗಿ ಬನ್ನಿ. ಇದೂ ಕಲಿಸುವವರ ಕೆಲಸವೇ.

ಆರು ತಿಂಗಳಿಗೆ ಮತ್ತೆ

ಕೈ ಕಲಿತದ್ದು ಮೂರರಿಂದ ಆರು ತಿಂಗಳಲ್ಲಿ ಮಸುಕಾಗುತ್ತದೆ. ಹೊಸ ಓಣಿಗೆ ಹೋಗುವ ಆಸೆಯಲ್ಲಿ ಹಳೇ ಓಣಿ ಬಿಡಬೇಡಿ. ಮತ್ತೆ ಹೋದಾಗ ಎರಡು ತಾಸು ಬೇಕಿಲ್ಲ. ಬೊಂಬೆ ನೆಲದ ಮೇಲೆ ಹಾಕಿ, ಏನೂ ಹೇಳದೆ ನಿಂತು ನೋಡಿ. ಯಾರು ಕೂಗುತ್ತಾರೆ, ಯಾರು ಫೋನ್ ತೆಗೆಯುತ್ತಾರೆ, ಯಾರು ಮಂಡಿಯೂರುತ್ತಾರೆ. ಮರೆತದ್ದನ್ನಷ್ಟೇ ತಿದ್ದಿ.

ಗೋಣಿ ಬೊಂಬೆಯನ್ನು ನೀವು ಹೊತ್ತುಕೊಂಡು ಬರಬೇಡಿ, ಅಲ್ಲೇ ಬಿಟ್ಟು ಬನ್ನಿ. ಬೀಗದ ಕೋಣೆಯಲ್ಲಿ ಬೇಡ. ನಾನು ಬಿಟ್ಟು ಬಂದ ಒಂದು ಬೊಂಬೆ ಹಳೇ ಹುಬ್ಬಳ್ಳಿಯ ಒಂದು ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲಗಳ ಪಕ್ಕ ಒರಗಿ ಕೂತಿದೆ. ಸಂಜೆ ವ್ಯಾಪಾರ ಕಡಿಮೆ ಇದ್ದಾಗ ಅಂಗಡಿಯಣ್ಣ ಅದನ್ನು ಕಟ್ಟೆಯ ಮೇಲೆ ಮಲಗಿಸುತ್ತಾರೆ. ಹಾಲಿಗೆ ಬಂದ ಹುಡುಗರು ಹತ್ತು, ಹತ್ತು ಅಂತ ಎಣಿಸಿ ಒತ್ತಿ ಹೋಗುತ್ತಾರೆ. ಹೋದ ತಿಂಗಳು ಅದರ ಹೊಲಿಗೆ ಬಿಚ್ಚಿತ್ತು, ಬಾಟಲಿ ಬದಲಾಯಿಸಿ ಬಂದೆ.